ಪಟದಲ್ಲಿಲ್ಲದ ಎಲುಬು

ಬಾಸೂರು ಕಾವಲಿನ ಹುಲ್ಲೊಳಗೆ ಮಲಗಿತ್ತು ಎತ್ತು.
ಮಲಗಿತ್ತು ಅನ್ನುವುದೂ ತಪ್ಪು, ಹರಡಿಕೊಂಡಿತ್ತು:
ಬುರುಡೆ ಜಾಲಿಯ ಬುಡದಲ್ಲಿ,
ಹಿಂಗಾಲೊಂದು ನಾಯಿ ಎಳೆದುಹಾಕಿದ ಹಳ್ಳದಲ್ಲಿ.
ಹದ್ದುಗಳ ಕಾಲ ಮುಗಿದು ಎಷ್ಟೋ ವರ್ಷ.
ಇರುವೆ, ದುಂಬಿ, ಎರಡು ಬೇಸಿಗೆ, ಒಂದು ಮುಂಗಾರು
ಕೂಡಿ ಮುಗಿಸಿದ್ದವು ಮುಕ್ಕಾಲು ಕೆಲಸ.

ಉಳಿದ ಕಾಲುಪಾಲು ನನ್ನದು.
ಕಡೂರಿನ ಕಾಲೇಜಲ್ಲಿ ಜೀವಶಾಸ್ತ್ರದ ಲ್ಯಾಬಿಗೆ ಅಟೆಂಡರು.
ಗ್ಲೌಸು ತೊಟ್ಟು ಎರಡು ಗೊಬ್ಬರದ ಚೀಲ ತುಂಬಿ
ಟಿವಿಎಸ್ಸಿನ ಹಿಂದೆ ಬಿಗಿದೆ.
ರೈಲ್ವೆ ಗೇಟಲ್ಲಿ ಯಾರೋ ಕೇಳಿದರು, "ಏನ್ ಮೂಟೆ?"
"ಪಾಠ" ಅಂದೆ.

ಶಶಿರೇಖಾ ಮೇಡಂ ಪುಸ್ತಕ ನೋಡಿ ಹೇಳಿದರು:
ಕುದಿಸಿ, ಆಮೇಲೆ ಬ್ಲೀಚಿಂಗ್ ಪೌಡರಲ್ಲಿ ನೆನೆಸಿ.
ಮನೆಗೆ ಬಂದು ಅಪ್ಪನಿಗೆ ಹೇಳಿದೆ.
ಅಪ್ಪ ಬೀಡಿ ಆರಿಸಿದ.
"ಕುದಿಸಬ್ಯಾಡ. ಜಿಡ್ಡು ಒಳಕ್ಕೋಗಿ ಕೂತ್ಕಂತದೆ,
ಆರು ತಿಂಗ್ಳಿಗೆ ಹಳದಿ ಬೆವರ್ತದೆ.
ಆ ಪೌಡ್ರೂ ಬ್ಯಾಡ, ಸುಣ್ಣದಂಗೆ ಉದುರ್ತದೆ.
ತಣ್ಣೀರು, ಸೋಪಿನ ಪುಡಿ. ಆಮ್ಯಾಕೆ ಸುಮ್ಕಿರು."

ಊರಲ್ಲಿ ದನ ಸತ್ತರೆ ಕೂಗು ಬರುತ್ತಿತ್ತು,
"ಮೂಡ್ಲಾ, ಎಳ್ಕಂಡೋಗು."
ಕೊಟ್ಟಿಗೆಯ ಹಿಂಬಾಗಿಲಿಂದ.
ಎಷ್ಟೋ ಮನೆಗಳ ಮುಂಬಾಗಿಲು ಅವನು ನೋಡಿಯೇ ಇಲ್ಲ.
ಎಲುಬು ಒಣಗಿಸಿ ಬೀರೂರು ಸ್ಟೇಷನ್ನಿನ ಗೂಡ್ಸ್ ಶೆಡ್ಡಿಗೆ
ತಲೆಯ ಮೇಲೆ ಹೊತ್ತ, ಮಣಕ್ಕಿಷ್ಟು ಅಂತ.
ಜಿಡ್ಡಿದ್ದರೆ ತೂಕದಲ್ಲಿ ಮುರಿತ. ಹಾಗೆ ಕಲಿತ.
ಕೆರೆಕೋಡಿಯಲ್ಲಿ ಮಿಂದೇ ಮನೆಗೆ ಬರುತ್ತಿದ್ದ,
ಆದರೂ ಶಾಲೆಯಲ್ಲಿ ನನ್ನ ಪಕ್ಕದ ಹುಡುಗ
ಮೂಗಿಗೆ ಸ್ಲೇಟು ಅಡ್ಡ ಹಿಡಿಯುತ್ತಿದ್ದ.

ನಲವತ್ತು ದಿನ. ಲ್ಯಾಬಿನ ಹಿಂದೆ ಎರಡು ನೀಲಿ ಡ್ರಮ್ಮು.
ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸ ನೀರು,
ಮೇಲೆ ತೇಲುವ ಎಣ್ಣೆಯ ಕಣ್ಣುಗಳು ದಿನೇ ದಿನೇ ಕಮ್ಮಿ.
ಹಳೆ ಹಲ್ಲುಬ್ರಷ್ಷಲ್ಲಿ ಬೆನ್ನೆಲುಬಿನ ಸಂದು ತಿಕ್ಕಿದೆ.
ಸಡಿಲ ಹಲ್ಲುಗಳಿಗೆ ಅದರದರ ಗೂಡಲ್ಲೇ ಫೆವಿಕಾಲು.
ಕೊನೆಗೆ ಮೆಡಿಕಲ್ ಶಾಪಿನ ಪೆರಾಕ್ಸೈಡು:
ನೊರೆ ಎದ್ದಿತು, ಸದ್ದಿಲ್ಲದೆ ಹಾಲು ಉಕ್ಕಿದ ಹಾಗೆ.
"ನೆಳ್ಳಾಗೆ ಒಣಗಾಕು, ಬಿಸ್ಲಿಗೆ ಬಿರಿತದೆ."

ಪಟದಲ್ಲಿ ಇನ್ನೂರ ಏಳು.
ಬೆಂಚಿನ ಮೇಲೆ ಜೋಡಿಸಿದೆವು, ಬಾಲದ ತುದಿಯವೆರಡು ಸಿಗಲಿಲ್ಲ.
ಆ ಸಂಜೆ ಅಪ್ಪನನ್ನು ಕರೆತಂದೆ.
ಅವನು ಕಟ್ಟಡ ಬಳಸಿ ಹಿಂದಕ್ಕೆ ಹೊರಟಿದ್ದ;
"ಈ ಕಡೆ" ಅಂದೆ. ಚಪ್ಪಲಿ ಬಿಟ್ಟು ಬಂದ.
ಹೆಗಲೆಲುಬು ಸವರಿ, "ಎಡಗೋಲಿನ ಎತ್ತು" ಅಂದ.
ಮೇಡಂ ಕುರ್ಚಿ ಎಳೆದರು, ಕೂರಲಿಲ್ಲ.
"ಗುಂಡಿಗೆ ಎಲುಬೆಲ್ಲಿ?"
ಮೇಡಂ ನಕ್ಕರು. ಗುಂಡಿಗೆಗೆ ಎಲುಬಿರಲ್ಲಪ್ಪ.
"ನಮಗಿಲ್ಲ ತಾಯಿ. ಎತ್ತಿಗೈತೆ.
ಮುದಿಯಾದಷ್ಟೂ ಗಟ್ಟಿ."

ಭಾನುವಾರ ಕಾವಲಿಗೆ ಜರಡಿ ಒಯ್ದೆ.
ಪಕ್ಕೆಲುಬು ಬಿದ್ದಿದ್ದ ಜಾಗದಲ್ಲಿ
ಹುಲ್ಲು ಬೇರೆ ಹಸಿರು, ತಪ್ಪಲಿಲ್ಲ ಗುರುತು.
ಮಧ್ಯಾಹ್ನದವರೆಗೆ ಸೋಸಿದೆ: ಬಸವನಹುಳದ ಚಿಪ್ಪು,
ಗಂಟೆಯ ನಾಲಗೆ, ಹಂಚಿನ ಚೂರು,
ಮತ್ತೆ ಬಾಗಿದ್ದೊಂದು, ಒಣಗಿದ ಅವರೆಕಾಯಿ ಸಿಪ್ಪೆಯಂಥದ್ದು.
ದೂರದಲ್ಲಿ ಕೃಷ್ಣಮೃಗಗಳು ಮೇಯುವುದು ನಿಲ್ಲಿಸಿ ನೋಡಿದವು.

ಅಪ್ಪ ಅದನ್ನು ನಾಲಗೆಯ ತುದಿಗೆ ಮುಟ್ಟಿಸಿದ.
ಕಲ್ಲು ಜಾರುತ್ತದೆ, ಎಲುಬು ಅಂಟುತ್ತದೆ.
ಅಂಟಿತು.

ಮೇಡಂ ಮೊಬೈಲಲ್ಲಿ ಬಹಳ ಹೊತ್ತು ಹುಡುಕಿದರು.
ಆಮೇಲೆ ನಗಲಿಲ್ಲ.
ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ, ಬೀರುವಿನಲ್ಲಿ
ಬುರುಡೆಯ ಪಕ್ಕ ಇಟ್ಟಿದ್ದೇನೆ. ನಂಬರಿಲ್ಲ.

"ಎಷ್ಟಾಯ್ತು ತೂಕ, ಎಲ್ಲಾ ಸೇರಿ?" ಕೇಳಿದ ಅಪ್ಪ
ಬಸ್ಸಿಗೆ ಕಾಯುವಾಗ.
ತೂಕಕ್ಕೆ ಹಾಕಲ್ಲಪ್ಪ ಇಲ್ಲಿ, ಅಂದೆ.
"ಹಂಗಾರೆ?"
ಬಸ್ಸು ಬಂತು. ಮುಂದಿನ ಬಾಗಿಲಿಂದ ಹತ್ತಿದೆವು.